ಇಪ್ಪತ್ತು ಬೆಣಚುಕಲ್ಲು

ಎಡಜೇಬಿನಲ್ಲಿ ಇಪ್ಪತ್ತು ಬೆಣಚುಕಲ್ಲು.
ಒಬ್ಬರು ಒಳಗೆ ಹೋದರೆ ಒಂದು ಕಲ್ಲು ಬಲಜೇಬಿಗೆ.
ಎಡ ಬರಿದಾದಾಗ ಬಾಗಿಲು ಹಾಕಬೇಕು.
ಎಡಿನ್‌ಬರೋದಿಂದ ಬಂದ ಕಾಗದದ ಲೆಕ್ಕ ಅಷ್ಟೇ.

ಮುನ್ನೂರು ಜನ ಕೂರುವ ಚರ್ಚು ನಮ್ಮದು.
ಲೂಯಿಸ್ ದ್ವೀಪದ ಈ ಅಂಚಿನಲ್ಲಿ ಮರವಿಲ್ಲ,
ಗಾಳಿ ಒರಗಿಕೊಳ್ಳಲು ಇರುವುದು ಈ ಗೋಡೆಯೊಂದೇ.
ನಲವತ್ತು ವರ್ಷದಿಂದ ಇಲ್ಲಿ ಬಾಗಿಲು ತೆರೆಯುವವ ನಾನು.
ತೆರೆಯುವುದು ಗೊತ್ತಿತ್ತು. ಮುಚ್ಚುವುದನ್ನು
ಅರವತ್ತೆಂಟನೆಯ ವಯಸ್ಸಿಗೆ ಕಲಿತೆ.

ಹಾಡಬಾರದು ಎಂದೂ ಬರೆದಿತ್ತು.
ನಮ್ಮಲ್ಲಿ ವಾದ್ಯವಿಲ್ಲ; ಒಬ್ಬ ಸಾಲೆತ್ತುತ್ತಾನೆ,
ಉಳಿದವರು ಅದನ್ನು ಹಿಡಿದು
ತಮತಮಗೆ ತೋಚಿದಂತೆ ತಿರುವಿ, ಏರಿಸಿ,
ಅಲೆ ದಡಕ್ಕೆ ಬರುವ ಹಾಗೆ ಬರುತ್ತಾರೆ,
ಒಬ್ಬರ ಹಿಂದೊಬ್ಬರು.
ಈಗ ಈವರ್ ಸಾಲನ್ನು ಬರಿದೆ ಓದುತ್ತಾನೆ.
ಓದಿ, ಅಭ್ಯಾಸಬಲದಿಂದ ನಿಲ್ಲಿಸುತ್ತಾನೆ.
ಆ ನಿಲುಗಡೆಯಲ್ಲಿ ಮುಖಗವುಸುಗಳೆಲ್ಲ
ಒಮ್ಮೆ ಒಳಕ್ಕೆ ಎಳೆದುಕೊಂಡು, ಸುಮ್ಮನಾಗುತ್ತವೆ.

ಹಿರಿಯರ ಸಭೆಯಲ್ಲಿ ಟಾರ್ಕ್ವಿಲ್ ಮೇಜು ಗುದ್ದಿದ್ದ:
"ತೆರಿಗೆ ಕೇಳಲಿ, ಕೊಡೋಣ. ದೋಣಿಗೆ ಲೈಸೆನ್ಸ್ ಕೇಳಲಿ, ತೋರಿಸೋಣ.
ಈ ಹೊಸಿಲು ಯಾರಪ್ಪನದು?
ಮುತ್ತಜ್ಜಂದಿರಿಗೆ ಜಮೀನ್ದಾರ ಗೇಣು ನೆಲ ಕೊಡದಾಗ
ಇಳಿತದ ಮರಳಿನ ಮೇಲೆ ನಿಂತು ಆರಾಧಿಸಿದರು,
ಉಬ್ಬರ ಬಂದು ಮೊಣಕಾಲು ಮುಟ್ಟುವವರೆಗೆ.
ಅವರ ಹೊಟ್ಟೆಯಲ್ಲಿ ಹುಟ್ಟಿದ ನಾವು, ಒಂದು ಕಾಗದಕ್ಕೆ..."
ಮಾತು ಮುಗಿಸಲಿಲ್ಲ.

ಮರ್ಡೀನಾ ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬಂದಿದ್ದಳು.
ಮೂಗಿನ ಮೇಲೆ ಮಾಸ್ಕಿನ ಗೆರೆ, ಗಾಯದ ಹಾಗೆ.
"ಕಾಗದ ಆಚೆಗಿರಲಿ," ಎಂದಳು.
"ಅಲ್ಲಿ ಹಾಸಿಗೆ ಆರು. ದಿನಾ ಎಣಿಸುತ್ತೇನೆ.
ನೆರೆಯವನನ್ನು ಉಳಿಸುವ ಕೆಲಸ
ಸರ್ಕಾರ ಹೇಳಿತೆಂಬ ಮಾತ್ರಕ್ಕೆ
ಮೈಲಿಗೆಯಾಗುತ್ತದೆಯೇ?"

ಗ್ರಂಥ ತೆರೆದರು. ಒಂದು ಬೆರಳು
ಅಧಿಕಾರಿಗಳ ಮಾತು ಬರುವ ಪುಟದಲ್ಲಿ,
ಇನ್ನೊಂದು, ಕೂಡಿಬರುವವರ ಮಾತಿನ ಪುಟದಲ್ಲಿ.
ನಡುವಿನ ಹಾಳೆಗಳು ನೆಟ್ಟಗೆ ನಿಂತವು,
ಯಾವ ಕಡೆಗೂ ಬೀಳಲಿಲ್ಲ.
ಸಭಾಪಾಲಕ ಕಣ್ಣು ಮುಚ್ಚಿದ್ದ, ಪ್ರಾರ್ಥನೆಯೋ ದಣಿವೋ.

ಐದಕ್ಕೆ ನಾಲ್ಕು. ಐದನೆಯ ಕೈ ನನ್ನದು.
ಏಕೆ ಎತ್ತಿದೆ ಎಂದರೆ ಸೋಮವಾರ ಒಂದು ಕಾರಣ,
ಗುರುವಾರ ಇನ್ನೊಂದು.

ಕಳೆದ ಸಬ್ಬತ್ತಿನಂದು ಹತ್ತೊಂಬತ್ತನೆಯ ಕಲ್ಲು ಟಾರ್ಕ್ವಿಲ್‌ದು.
ನನ್ನ ಮುಖ ನೋಡದೆ ಒಳಗೆ ನಡೆದ.
ಇಪ್ಪತ್ತನೆಯದು ನನ್ನದೇ.
ಆಮೇಲೆ ಡೊಲೀನಾ ಬಂದಳು,
ಎಂಬತ್ತೇಳರ ಮುದುಕಿ, ಎದುರುಗಾಳಿಯಲ್ಲಿ ಎರಡು ಮೈಲಿ ನಡೆದು,
ಪೆಪ್ಪರ್‌ಮಿಂಟು ಗಂಟುಕಟ್ಟಿದ ಕರವಸ್ತ್ರ ಹಿಡಿದು.
ನನಗೆ ಐದು ವರ್ಷವಿದ್ದಾಗ, ಮುಗಿಯದ ಉಪದೇಶದ ನಡುವೆ,
ಹಿಂದಿನ ಬೆಂಚಿನಿಂದ ಒಂದು ಮಿಠಾಯಿ
ನನ್ನ ಅಂಗೈಗೆ ತೂರಿಸಿದವಳು.

"ಎಷ್ಟಾಯಿತು?" ಎಂದಳು.
"ತುಂಬಿದೆ," ಎಂದೆ.
ನನ್ನ ಬೆನ್ನ ಹಿಂದೆ ಇನ್ನೂರ ಎಂಬತ್ತು ಖಾಲಿ ಜಾಗ.
ಅವಳು ನನ್ನ ಹೆಗಲ ಮೇಲಿಂದ ಅವನ್ನು ನೋಡಿದಳು.
ಏನೂ ಅನ್ನಲಿಲ್ಲ. ತಿರುಗಿದಳು.

ಬಲಜೇಬಿನಿಂದ ನನ್ನ ಕಲ್ಲು ಹೊರತೆಗೆದೆ,
ಅದನ್ನೇ ಅವಳ ಹೆಸರಿಗೆ ಮರಳಿ ಹಾಕಿದೆ.
ಅವಳನ್ನು ಕರೆದು ಒಳಗೆ ಬಿಟ್ಟು, ಹೊರಗೆ ನಿಂತೆ,
ಗೋಡೆಯ ಮರೆಗೆ, ಎಣ್ಣೆ ಟ್ಯಾಂಕಿನ ಪಕ್ಕ.

ಎರಡನೆಯ ಕೀರ್ತನೆಯ ಹೊತ್ತಿಗೆ
ಈವರನ ಮೊಮ್ಮಗ ಓಡುತ್ತ ಬಂದ. ಇಲ್ಲವೆಂದು ತಲೆಯಾಡಿಸಿದೆ.
ಕಿಟಕಿಯಿಂದ ನೋಡಿದ್ದನೋ ಏನೋ,
ಬಾಗಿಲು ಕಿರುಗುಟ್ಟಿ ಟಾರ್ಕ್ವಿಲ್ ಹೊರಬಂದ,
ಟೊಪ್ಪಿಗೆ ಕಂಕುಳಲ್ಲಿ.
ಹುಡುಗನಿಗೆ ಗದ್ದದಿಂದಲೇ ದಾರಿ ತೋರಿಸಿ
ನನ್ನಿಂದ ಎರಡು ಮೀಟರು ಬಿಟ್ಟು ನಿಂತ.

"ಇದು ಈಗಲೂ ತಪ್ಪೇ," ಎಂದ.
"ಗಾಳಿ ಕೊರೆಯುತ್ತಿದೆ," ಎಂದೆ.
"ಹೂಂ," ಎಂದ.

ಒಳಗೆ ಈವರ್ ಒಂದು ಸಾಲು ಓದಿ ನಿಲ್ಲಿಸಿದ.
ಆ ನಿಲುಗಡೆಗೆ ನಾವಿಬ್ಬರೂ ಉಸಿರೆಳೆದುಕೊಂಡೆವು,
ಹಳೆಯ ಅಭ್ಯಾಸ.
ಹೊರಗೂ ಹಾಡಬಾರದೆಂದು
ಕಾಗದದಲ್ಲಿ ಇತ್ತೋ, ಇರಲಿಲ್ಲವೋ,
ಇಬ್ಬರಿಗೂ ನೆನಪಾಗಲಿಲ್ಲ.