ಹುಟ್ಟಿನಿಂದ

ಒಂಬತ್ತು ಪುಟ. ಪುಟಕ್ಕೆ ಇಪ್ಪತ್ತೈದು.
ಕಾರವಾರದ ಕೋರ್ಟಿನ ಎದುರು, ಝೆರಾಕ್ಸ್ ಅಂಗಡಿಯ ಮಗ್ಗುಲಿಗೆ
ನನ್ನ ಮೇಜು. ಉಪ್ಪುಗಾಳಿ ತಿಂದ ‘ಳ’ದ ಕೀಲಿ
ಎರಡು ಸಲ ಒತ್ತಿದರೇ ಮೂಡುತ್ತದೆ.
ಕೆಳಗಿನ ನ್ಯಾಯಾಲಯ ಎಂದು ಬರೆಯುವಾಗೆಲ್ಲ
ಸ್ವಲ್ಪ ಹೆಚ್ಚು ಬಲ ಬೇಕು.

ಮೇಲ್ಮನವಿದಾರ: ಪುರಸು ತಂದೆ ಜಾನು ಹರಿಕಂತ್ರ,
ಪ್ರಾಯ ಮೂವತ್ತೊಂದು, ಉದ್ಯೋಗ ಮೀನುಗಾರಿಕೆ, ವಾಸ ಮಾಜಾಳಿ.
ಸ್ಟೂಲಿನ ತುದಿಯಲ್ಲಿ ಕೂತಿದ್ದಾನೆ,
ಬಸ್ಸಿನಲ್ಲಿ ಪಕ್ಕದವರಿಗೆ ಜಾಗ ಬಿಟ್ಟವನಂತೆ.

ಬೈತಖೋಲದ ಧಕ್ಕೆಯಲ್ಲಿ, ರಾತ್ರಿ ದೀಪ ಉರಿಸಿ
ಮೀನು ಬಾಚುವ ಬೋಟಿನ ತಾಂಡೇಲನಿಗೆ
ಹುಟ್ಟಿನಿಂದ ಹೊಡೆದ, ಎನ್ನುತ್ತದೆ ಆರೋಪಪಟ್ಟಿ.
ದೋಣಿಯ ಹುಟ್ಟು ಎಂದು ಯಾರೂ ಬಿಡಿಸಿ ಬರೆಯಲಿಲ್ಲ.
ಓದಿದರೆ, ತಾಯ ಹೊಟ್ಟೆಯಿಂದ ಬಿದ್ದಂದಿನಿಂದಲೂ
ಹೊಡೆಯುತ್ತಲೇ ಇದ್ದ ಎಂಬಂತಿದೆ.
‘ದೋಣಿಯ’ ಎಂದು ನಾನು ಸೇರಿಸಿದೆ.
ವಕೀಲರು ಗಮನಿಸಲಿಲ್ಲ.

ಜೈಲಿಗೆ ಬದಲು ಮುಚ್ಚಳಿಕೆ ಬರೆಸಿಕೊಂಡಿದ್ದರು:
ಎರಡು ವರ್ಷ ಸನ್ನಡತೆ, ತಿಂಗಳ ಮೊದಲ ಸೋಮವಾರ
ಪರಿವೀಕ್ಷಣಾಧಿಕಾರಿಯ ಎದುರು ಸಹಿ.
ಹದಿನಾಲ್ಕು ಸಹಿ ಇವೆ. ಮಳೆಗಾಲದವು
ಶಾಯಿ ಕದಡಿದ್ದರೂ ಓದಬಹುದು.
ಹದಿನೈದರ ಎದುರು ಕೆಂಪಿನಲ್ಲಿ, ಗೈರು.

ಯಾಕೆ ಹೋಗಲಿಲ್ಲ ಮಾರಾಯಾ?

ಬಂಗಡೆ ಬಂತು ಅಕ್ಕೋರೆ, ಅಂದ.
ಬೆಳಿಗ್ಗೆ ಆರಕ್ಕೆ ನೀರು ಕಪ್ಪಾಯ್ತು. ರಂಪಣಿ ಬಿಟ್ಟಾಯ್ತು.
ಅರವತ್ತು ಜನರ ಹಗ್ಗ. ಒಬ್ಬ ಕೈ ಬಿಟ್ಟರೆ
ಅದು ಯಾರ ಜಾಗ ಅಂತ ದಂಡೆ ಪೂರಾ ಕೇಳ್ತದೆ.
ಎಳೆದು ಮುಗಿವಾಗ ಮೂರೂವರೆ. ಹಾಗೇ ಬಸ್ಸಿಗೆ ಓಡಿದೆ,
ವಾಸನೆ ಅಂತ ಒಬ್ಬ ಕಂಡಕ್ಟರ ಹತ್ತಿಸಲೇ ಇಲ್ಲ,
ಮುಂದಿನವ ಬಾಗಿಲಲ್ಲಿ ನಿಲ್ಲಿಸಿದ.
ಕಾಳಿ ಸೇತುವೆ ದಾಟುವಾಗ ಐದೂವರೆ ಕಳೆದಿತ್ತು.
ಆಫೀಸಿಗೆ ಬೀಗ. ಬೀಗ ಮುಟ್ಟಿ ನೋಡಿ ಬಂದೆ.
ಮಂಗಳವಾರ ಮತ್ತೆ ಹೋದೆ.
ಪುಸ್ತಕ ಸಾಹೇಬರ ಹತ್ತಿರ ಹೋಗಿದೆ, ಅಂದ್ರು.

ಅದನ್ನು ಬರೀರಿ, ಅಂದ. ಬೀಗ ಮುಟ್ಟಿದ್ದು.

ಪೆಡ್ನೇಕರ ವಕೀಲರು ಪೆನ್ಸಿಲಿನಲ್ಲಿ ಗೀಟು ಎಳೆದರು.
ಮೀನು ಬೇಡ. ಬೀಗ ಬೇಡ, ಬೀಗಕ್ಕೆ ಸಾಕ್ಷಿ ಯಾರು?
ಕಲಂ ಒಂಬತ್ತು ಸಾಕು: ಷರತ್ತು ತಪ್ಪಿದ್ದು ಮೊದಲ ಸಲವಾದರೆ
ಮುಚ್ಚಳಿಕೆ ಇದ್ದಂತೆಯೇ ಇರಿಸಿ
ಐವತ್ತು ರೂಪಾಯಿ ಮೀರದ ದಂಡ ಹಾಕಬಹುದಿತ್ತು.
ಕೆಳಗಿನ ನ್ಯಾಯಾಲಯವು ಇದನ್ನು ಪರಿಗಣಿಸದೆ
ಆರು ತಿಂಗಳ ಸಜೆ ವಿಧಿಸಿ ತಪ್ಪೆಸಗಿದೆ.

ಐವತ್ತು ರೂಪಾಯಿ.
ನನ್ನ ಎರಡು ಪುಟ.
ಪುರಸು ಬೆರಳು ಮಡಚಿ ಎಣಿಸಿದ:
ಆ ದಿನದ ಧಾರಣೆಯಲ್ಲಿ ಎಂಟು ಬಂಗಡೆ.
ಎಂಟು ಮೀನು ಕೊಟ್ಟಿದ್ರೆ ಮುಗೀತಿತ್ತಾ, ಅಂತ ಕೇಳಿದ.
ವಕೀಲರು ನಕ್ಕರು. ಅವನು ನಗಲಿಲ್ಲ,
ನಾನು ‘ಳ’ ಒತ್ತುತ್ತಾ ಕೂತೆ.

ಕೊನೆಗೆ ಬರುವ ಭಾಗಕ್ಕೆ ಪ್ರಾರ್ಥನೆ ಎಂದೇ ಹೆಸರು.
ಇವನು ಬೇಡುತ್ತಿರುವುದು
ಉಳಿದ ಒಂಬತ್ತು ಸೋಮವಾರಗಳನ್ನು ವಾಪಸು.
ಹಾಗೆ ಬರೆಯುವಂತಿಲ್ಲ.
‘ಆದೇಶ ರದ್ದುಪಡಿಸಿ, ಮುಚ್ಚಳಿಕೆಯನ್ನು
ಮುಂದುವರಿಸಬೇಕಾಗಿ’ ಎಂದೆ.

ಪುಟಪುಟಕ್ಕೂ ಸಹಿ ಹಾಕಿದ, ತಂದೆಯ ಹೆಸರು ಸಮೇತ,
ಒಂದೊಂದಕ್ಕೂ ಉಸಿರು ಹಿಡಿದು.
ಇವೂ ಲೆಕ್ಕಕ್ಕೆ ಬರ್ತಾವಾ, ಅಂದ.
ಕೊಟ್ಟ ನೋಟು ಒದ್ದೆಯಿತ್ತು.
ಸ್ಟೇಪ್ಲರಿನ ಕೆಳಗೆ ಒಣಗಲಿಟ್ಟೆ.

ಕಡತ ಒಳಗೆ ಹೋಗಿದೆ. ನಂಬರು ಬಿದ್ದಿಲ್ಲ ಇನ್ನೂ.
ನಾಲ್ಕನೆಯ ಪುಟ, ಏಳನೆಯ ಪರಿಚ್ಛೇದದ ತಳದಲ್ಲಿ
‘ಸದರಿ ದಿನವೇ ಕಚೇರಿಯ ಬೀಗದವರೆಗೂ ಬಂದಿದ್ದು’
ಎಂಬ ಅರ್ಧ ಸಾಲು ಉಳಿದುಕೊಂಡಿದೆ.
ಕೇಳಿದರೆ ಹೇಳಿದರಾಯಿತು:
ಗೀಟು ಪೆನ್ಸಿಲಿನದು, ಸರೀ ಕಾಣಲಿಲ್ಲ.