ಇಪ್ಪತ್ತೊಂದು ಗೇರ್

ಅಂತಿಯೂರಲ್ಲಿ ಚಹಾ ಕುಡಿದು ಹೊರಟಾಗ
ಬೀದಿದೀಪ ಇನ್ನೂ ಆರಿರಲಿಲ್ಲ.
ವರಟ್ಟುಪಳ್ಳಂ ಅಣೆ ದಾಟಿದ ಮೇಲೆ ರಸ್ತೆ
ಮಾತು ನಿಲ್ಲಿಸಿ ಏರತೊಡಗಿತು.

ಡಾಂಬರು ಹೊಸದು. ಅಂಚಿನ ಬಿಳಿ ಗೆರೆಯೂ ಹೊಸದು.
ಇಡೀ ಬೆಳಿಗ್ಗೆ ಒಂದೇ ಬಸ್ಸು;
ಅದರ ಹಾರ್ನ್ ಮೂರು ತಿರುವು ಮೊದಲೇ ಬಂದು
ದಾರಿ ಕೇಳಿತು.
ಆಮೇಲೆ ಚೈನಿನ ಸದ್ದು, ನನ್ನ ಏದುಸಿರು,
ಯಾವುದು ಯಾವುದೆಂದು ಗೊತ್ತಾಗದಷ್ಟು ಹತ್ತಿರ.

ಐದನೇ ತಿರುವಿನಲ್ಲಿ ಗುನುಗುತ್ತಿದ್ದೆ.
ಒಂಬತ್ತನೆಯದರಲ್ಲಿ ಬೈಯುತ್ತಿದ್ದೆ, ಯಾರನ್ನೋ.
ಎಣಿಕೆ ಬಿಟ್ಟೆ. ಇಳಿದು ತಳ್ಳಿದೆ.

ಕೆಂಪು ಹಸುಗಳು, ಮೈಗೆ ಸುಣ್ಣ ಎರಚಿದ ಹಾಗೆ ಬಿಳಿ,
ರಸ್ತೆಗಡ್ಡ ನಿಂತು ನನ್ನ ಹೆಲ್ಮೆಟ್ ನೋಡಿದವು.
ಹಿಂದೊಬ್ಬಳು, ಕಂಕುಳಲ್ಲಿ ಕೊಡೆ.
(ಬೊಮ್ಮಕ್ಕ, ಆಮೇಲೆ ಹೇಳಿದಳು.)
ಎಷ್ಟು ದೂರವೆಂದು ತಮಿಳಲ್ಲಿ ತಡವರಿಸಿದೆ.
"ಕನ್ನಡ್ದಾಗೇ ಕೇಳು, ನಾಲ್ಗೆಗ್ಯಾಕಪ್ಪ ಆ ಏರು?"

ಸೈಕಲ್ಲಿಗೆ ಒಂದು ಸುತ್ತು ಬಂದಳು,
ಸಂತೆಯಲ್ಲಿ ಹೋರಿ ನೋಡುವ ಹಾಗೆ.
"ಗೇರ್ ಎಷ್ಟು?"
"ಇಪ್ಪತ್ತೊಂದು."
"ಇಪ್ಪತ್ತೊಂದಿದ್ದೂ ತಳ್ಕಂಡ್ ಬಂದ್ಯಾ!"
ನಗು ಕಣಿವೆಗಿಳಿದು
ಆಚೆ ಬೆಟ್ಟ ಮುಟ್ಟಿ ಬಂತು, ಏದುಸಿರಿಲ್ಲದೆ.
"ನಮ್ ದನಕ್ಕೆ ಒಂದೇ ಗೇರು. ಅದೂ ಅವುಕ್ಕೆ ಮನಸ್ಸಿದ್ರೆ."

ನೆತ್ತಿಯಲ್ಲಿ ನಿಂತು ಬಗ್ಗಿ ನೋಡಿದೆ:
ಬಂದ ದಾರಿ, ಸ್ನಾನಕ್ಕೆಂದು
ಯಾರೋ ಬಿಚ್ಚಿಟ್ಟ ಉಡಿದಾರ.
ಇಷ್ಟೇನಾ ಅನಿಸಿತು. ಮೊಣಕಾಲು ಒಪ್ಪಲಿಲ್ಲ.

ತಾಮರೈಕರೆಯ ಕಡೆಗೆ ಇಳಿಜಾರು.
ಬ್ರೇಕಿನ ಮೇಲೆ ಎರಡೇ ಬೆರಳು.
ಗಾಳಿ ಅಂಗಿಯೊಳಗೆ ನುಗ್ಗಿ ಬೆನ್ನು ತಟ್ಟಿತು,
ತಳ್ಳಿಕೊಂಡು ಬಂದದ್ದು ಅದಕ್ಕೆ ಗೊತ್ತಿಲ್ಲ.
ನಾನೂ ಹೇಳಲಿಲ್ಲ.