ಉಳಿಕೆ ಒಂಬತ್ತು

ಗಾಳಿಯಂತ್ರದ ಚರ್ಮದ ವಾಷರ್ ಹರಿದು ನಾಲ್ಕು ದಿನ.
ರೆಕ್ಕೆಗಳು ಮಾತ್ರ ತಿರುಗುತ್ತಲೇ ಇವೆ;
ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವುದೆಂದರೆ ಇದೇ.
ಕೊಳವೆಯ ತುದಿಗೆ ಒಂದೇ ಒಂದು ಹನಿ,
ಬೀಳಲೋ ಬೇಡವೋ ಎಂದು ತೂಗುತ್ತ.

ನೀರಿನ ಲಾರಿಯ ಡ್ವೇನ್ ಬೆಗೇಗೆ ಫೋನು ಮಾಡಿದೆ.
'ಗುರುವಾರ ಬರಲೋ, ಶನಿವಾರ ಬರಲೋ?
ತೊಟ್ಟಿಯಲ್ಲಿ ಎಷ್ಟಿದೆ ಹೇಳು ಒತೀಲಿಯಾ.
ಸುಮಾರು ಅನ್ನಬೇಡ.
ಸುಮಾರು ಅಂದವರ ಮನೆಗೆ ನಾನು
ಸುಮಾರಾಗಿಯೇ ಬರುವುದು.'

ಟೇಪಿನ ಆ ತುದಿ ನನ್ನ ಅಣ್ಣನ ಮಗ ಸೆಲ್ಸೊ ಹಿಡಿದ.
ಹದಿಮೂರು ವರ್ಷ, ಕಳೆದ ತಿಂಗಳಷ್ಟೇ ಶಾಲೆಯಲ್ಲಿ ಸಿಲಿಂಡರ್ ಕಲಿತಿದ್ದಾನೆ,
ಕಲಿತದ್ದು ಕೈ ಕಡಿಯುತ್ತಿದೆ.
ಅಡ್ಡಳತೆ ಹನ್ನೆರಡು ಅಡಿ.
ತೋಳು ಮುಳುಗಿಸಿ ತಳದ ತಗಡು ಮುಟ್ಟಿಸಿ
ಆಳ ನೋಡಿದ: ಒಂದೂವರೆ.

ಉಪ್ಪಿನ ಚೀಲದ ಬೆನ್ನ ಮೇಲೆ ಲೆಕ್ಕ ಶುರು.
ಅಡ್ಡಳತೆಯ ಅರ್ಧ ಆರು, ಆರರ ವರ್ಗ ಮೂವತ್ತಾರು,
ಅದಕ್ಕೆ ಪೈ. ನೂರಾಹದಿಮೂರು ಮತ್ತು ಚೂರು.
ಅದಕ್ಕೆ ಒಂದೂವರೆ. ನೂರಾಅರವತ್ತೊಂಬತ್ತೂ ಮುಕ್ಕಾಲಿಗೆ
ಸ್ವಲ್ಪ ಕಡಿಮೆ ಘನ ಅಡಿ.
ಒಂದು ಘನ ಅಡಿಗೆ ಏಳೂವರೆ ಗ್ಯಾಲನ್, ಅನ್ನುತ್ತೇನೆ ನಾನು.
'ಏಳು ದಶಾಂಶ ನಾಲ್ಕು ಎಂಟು,' ಅನ್ನುತ್ತಾನೆ ಅವನು,
ಆ ಎರಡು ನೂರನೇ ಭಾಗವನ್ನು
ನಾನು ಕದ್ದು ಕುಡಿದೆ ಎಂಬಂತೆ ನೋಡುತ್ತ.

ಸಾವಿರದ ಇನ್ನೂರ ಅರವತ್ತೊಂಬತ್ತು.

ಹಸು ನಲವತ್ತೆರಡು. ತಲೆಗೆ ದಿನಕ್ಕೆ ಹದಿನೈದು.
ದಿನಕ್ಕೆ ಆರುನೂರ ಮೂವತ್ತು.
ಎರಡು ದಿನ ಸರಿಯಾಗಿ; ಉಳಿಕೆ ಒಂಬತ್ತು.
ಸುಣ್ಣದ ಕಡ್ಡಿಯಲ್ಲಿ ತೊಟ್ಟಿಯ ಮೈಮೇಲೆ ಬರೆದ, ದೊಡ್ಡದಾಗಿ:
ಉಳಿಕೆ 9.

ಆಗ ನೆನಪಾಯಿತು, ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿದ್ದ
ಅಜ್ಜ ಫೆರ್ಮಿನ್‌ನ ಕೋಲು.
ಜೂನಿಪರ್ ಮರದ್ದು, ಉದ್ದಕ್ಕೂ ಚಾಕುವಿನ ಕಚ್ಚು.
ಪೈ ಅಂದರೆ ಅಜ್ಜನಿಗೆ ಸೇಬು ತುಂಬಿಸಿ ಸುಡುವ ತಿಂಡಿ.
ತೊಟ್ಟಿ ಹೊಸದಾಗಿದ್ದಾಗ ಪೀಪಾಯಿಯಿಂದ ಸುರಿದು ಸುರಿದು,
ನೂರು ಗ್ಯಾಲನ್ ಆದಾಗಲೆಲ್ಲ ಕೋಲಿಳಿಸಿ
ಒದ್ದೆ ನಿಂತಲ್ಲಿ ಒಂದು ಕಚ್ಚು ಹಾಕಿದ್ದಂತೆ.
ಇಡೀ ದಿನ ಹಿಡಿಯಿತಂತೆ, ಅಜ್ಜಿ ಬೈದಳಂತೆ.

ಕೋಲಿಳಿಸಿದೆ.
ಒದ್ದೆ ಏರಿದ್ದು ಹನ್ನೆರಡನೆಯ ಕಚ್ಚಿಗೆ.
ಮೇಲೊಂದು ಕೂದಲೆಳೆಯೂ ಇಲ್ಲ.

ಸೆಲ್ಸೊನ ಮುಖ ಇಳಿಯಿತು.
ಮತ್ತೆ ಗುಣಿಸಿದ. ಮತ್ತೆ ಅದೇ ಅರವತ್ತೊಂಬತ್ತು ಹೆಚ್ಚು.
ಲೆಕ್ಕ ಸರಿ. ಕೋಲೂ ಸರಿ.
ಎರಡು ಸರಿಗಳ ನಡುವೆ ಬಾಯಿ ತೆರೆದು ನಿಂತ ಹುಡುಗ.

ಕೊನೆಗೆ ಅವನ ಕೈಯೇ ಹೇಳಿತು:
ಉಗುರುಗಳ ಸಂದಿಯಲ್ಲಿ ಕಪ್ಪು ಕೆಸರು.
ಟೇಪು ಕೆಸರು ಚುಚ್ಚಿ ತಗಡು ಮುಟ್ಟಿತ್ತು,
ಕೋಲು ಕೆಸರ ಮೇಲೇ ನಿಂತಿತ್ತು.
ಒಂದು ಇಂಚು. ಅಷ್ಟೇ. ಎಷ್ಟೋ ವರ್ಷಗಳ ಧೂಳು,
ಹಸುಗಳ ಗಲ್ಲದಿಂದ ಉದುರಿದ ಹುಲ್ಲು,
ಒಂದೆರಡು ಜೇನು,
ಆಲಿಕಲ್ಲಿನ ಜೊತೆ ಬಿದ್ದ ಎಂಥದೋ ಬೀಜ,
ಎಲ್ಲ ಸೇರಿ ಅರವತ್ತೊಂಬತ್ತು ಗ್ಯಾಲನ್ ಜಾಗ ಹಿಡಿದು
ಬಾಡಿಗೆ ಕೊಡದೆ ಕೂತಿವೆ.

'ಗುರುವಾರ,' ಅಂದೆ ಡ್ವೇನ್‌ಗೆ. 'ಬೆಳಿಗ್ಗೆಯೇ.'
'ಎಷ್ಟಿದೆ?'
'ಹನ್ನೆರಡು ಕಚ್ಚು.'
ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು,
'ಫೆರ್ಮಿನ್ ಕೋಲಾ? ಹಾಗಾದರೆ ಸರಿ,' ಅಂದ.

ಸೆಲ್ಸೊ ಅಂಗೈಯಿಂದ 9 ಒರೆಸಲು ಹೋದ.
ಬೇಡ ಅಂದೆ. ಯಾಕೆಂದು ನನಗೂ ಗೊತ್ತಿರಲಿಲ್ಲ.

ಕತ್ತಲಾದ ಮೇಲೆ ಮೆಟ್ಟಿಲ ಮೇಲೆ ಕೂತಿದ್ದೆ.
ಹಸುಗಳು ಕುಡಿದು ಹೋಗಿದ್ದವು.
ತೊಟ್ಟಿಯ ಕಡೆಯಿಂದ ಲೊಚಲೊಚ ಸದ್ದು,
ಸಣ್ಣ ನಾಲಿಗೆ, ಅವಸರವಿಲ್ಲ.
ನರಿಯೋ, ಯಾರದೋ ನಾಯಿಯೋ,
ಟಾರ್ಚು ತೊಡೆಯ ಮೇಲೇ ಇತ್ತು; ಹಾಕಲಿಲ್ಲ.
ಸುಣ್ಣದ ಆ ಅಂಕಿಯ ಪಕ್ಕದಲ್ಲೇ ನಿಂತು
ಅದು ಕುಡಿಯುತ್ತಿತ್ತು,
ಇಲ್ಲದ ಒಂಬತ್ತರಲ್ಲಿ ತನ್ನ ಪಾಲು.